ಕತ್ತುಮುರಿ ತಿರುವಿನ ಎರಡು ತುದಿ

ಮೋರ್ನ್ ಕನೆಲ್
4 ಮಾರ್ಚ್ 1996

ಆನ್ಸೆಲ್,

ನೀನು ಕೇಳಿದ್ದ ಸಾಬೂನು, ಬನಿಯನ್ನು ಗಿಬ್ಸ್ ಕೈಯಲ್ಲಿ ಕಳಿಸಿದ್ದೇನೆ. ಜೈಲಿನ ಬಾಗಿಲಲ್ಲಿ ಕೊಟ್ಟೆ ಎಂದ. ನಿನಗೆ ತಲುಪಿದ್ದರೆ ಬರೆ. ಈಗ ನಮ್ಮೂರಿನಿಂದ ರಾಜಧಾನಿ ರೋಸೋಗೆ ಹೋಗುವ ವ್ಯಾನು ಗಿಬ್ಸ್‌ನದೊಂದೇ. ಅದಕ್ಕೇ ಅವನಿಗೆ ಸ್ವಲ್ಪ ಕೊಬ್ಬು. ಹತ್ತುವವರು ಇನ್ನೂ ಒಂದು ಕಾಲು ನೆಲದ ಮೇಲೆ ಇಟ್ಟಿರುವಾಗಲೇ ಗಾಡಿ ಎಬ್ಬಿಸುತ್ತಾನೆ.

ಸುದ್ದಿ ಏನೆಂದರೆ ರಸ್ತೆ ಕೆಲಸ ಶುರುವಾಗಿದೆ. ಚುನಾವಣೆ ಬಂದಾಗಲೆಲ್ಲ ಬರುತ್ತೆ, ಬರುತ್ತೆ ಅನ್ನುತ್ತಿದ್ದ ರಸ್ತೆ, ಚುನಾವಣೆ ಇಲ್ಲದ ವರ್ಷದಲ್ಲಿ ಬಂತು. ಕೆಳಗಿನ ಸೇತುವೆಯಿಂದ ಶಾಲೆಯವರೆಗೂ ಅಗಲ ಮಾಡುತ್ತಾರಂತೆ. ಕತ್ತುಮುರಿ ತಿರುವಿನಲ್ಲಿ ಗುಡ್ಡವನ್ನು ಒಳಕ್ಕೆ ಕಡಿದು, ಕಣಿವೆಯ ಕಡೆ ತಂತಿಬಲೆಗೆ ಕಲ್ಲು ತುಂಬಿ ಗೋಡೆ ಕಟ್ಟುತ್ತಾರಂತೆ. ಬುಲ್ಡೋಜರು ಹಡಗಿನಿಂದ ಇಳಿದು ಊರು ಸೇರುವುದಕ್ಕೇ ಒಂದು ವಾರ ಹಿಡಿಯಿತು. ಆ ತಿರುವಿನಲ್ಲಿ ಅದೂ ಸಿಕ್ಕಿಹಾಕಿಕೊಂಡಿತ್ತು. ಊರಿನವರೆಲ್ಲ ನೋಡಲು ಹೋಗಿದ್ದರು.

ನಾನು ಕೆಲಸಕ್ಕೆ ಸೇರಿದ್ದೇನೆ. ನಗಬೇಡ. ಗುಡ್ಡ ಕಡಿಯುವಾಗ ತಿರುವಿನಲ್ಲಿ ಒಂದು ಗಾಡಿ ಹೋಗುವಷ್ಟೇ ಜಾಗ ಇರುತ್ತದೆ. ಅದಕ್ಕೆ ಎರಡು ತುದಿಯಲ್ಲೂ ಒಬ್ಬೊಬ್ಬರು ಹಲಗೆ ಹಿಡಿದು ನಿಲ್ಲಬೇಕು. ಹಲಗೆಯ ಒಂದು ಮುಖದಲ್ಲಿ 'ನಿಲ್ಲು' ಎಂದಿದೆ, ಇನ್ನೊಂದರಲ್ಲಿ 'ಹೋಗು' ಎಂದಿದೆ. ಮೇಸ್ತ್ರಿಯ ಹೆಸರು ಪೆಲ್ಟಿಯೆ, ರೋಸೋ ಕಡೆಯವನು.

"ಹಿಂದೆ ಇಂಥ ಕೆಲಸ ಮಾಡಿದ್ದೀರಾ ಮಾ?" ಎಂದು ಕೇಳಿದ.

"ಮಾರ್ಕೆಟ್ಟಲ್ಲಿ ಬಾಳೆಕಾಯಿ ಮಾರಿದ್ದೀನಪ್ಪ. ಗಂಡಸರನ್ನ ನಿಲ್ಸೋದೂ ಗೊತ್ತು, ಸಾಗಹಾಕೋದೂ ಗೊತ್ತು" ಎಂದೆ.

ನಕ್ಕ. ಹೆಸರು ಕೇಳಿ ಬರೆದುಕೊಂಡ. ಮನೆತನದ ಹೆಸರು ತೂಸೇಂ ಎಂದು ಬರೆಯುವಾಗ ಒಂದು ಸಲ ತಲೆ ಎತ್ತಿ ನನ್ನ ಮುಖ ನೋಡಿದ.

ಕೆಳಗಿನ ತುದಿ ನನ್ನದು. ತೋಮಾ ಜಲ್ಲಿ ಹೊರುತ್ತಾನೆ, ಅಗಸ್ಟಾ ಕೆಲಸಗಾರರಿಗೆ ಅಡುಗೆ ಮಾಡುತ್ತಾಳೆ. ನಮ್ಮ ಮನೆಯ ಹಿಂದಿನ ದೀವಿಹಲಸು ಈ ಸಲ ಕೊಂಬೆ ಬಗ್ಗುವಷ್ಟು ಕಾಯಿ ಬಿಟ್ಟಿದೆ. ತಿನ್ನುವವರು ಕಡಿಮೆ.

ಹೊಟ್ಟೆ ತುಂಬ ಉಣ್ಣು.

ನಿನ್ನ ಅಮ್ಮ
ಯುಡೋರಾ


ರಾಜಧಾನಿಯ ಜೈಲು
25 ಮಾರ್ಚ್

ಅಮ್ಮಾ,

ಸಾಬೂನು ಬಂತು, ಬನಿಯನ್ನೂ ಬಂತು. ಗಿಬ್ಸ್ ಬಾಗಿಲಲ್ಲಿ ಕಾವಲಿನವನ ಜೊತೆ ಜಗಳ ಮಾಡಿ ಒಂದು ಪೊಟ್ಟಣ ಹುರಿದ ಕಡಲೆಕಾಯಿಯನ್ನೂ ಸೇರಿಸಿದ್ದಾನೆ. ಅವನಿಗೆ ಹೇಳು.

ನನ್ನನ್ನು ಬ್ರೆಡ್ ಒಲೆಗೆ ಹಾಕಿದ್ದಾರೆ. ಬೇಯಿಸುವುದಕ್ಕಲ್ಲ, ಕೆಲಸಕ್ಕೆ. ಬೆಳಿಗ್ಗೆ ಎದ್ದು ಹಿಟ್ಟು ನಾದಬೇಕು. ಬಿಸಿಲಿನಲ್ಲಿ ಹುಲ್ಲು ಕೀಳುವುದಕ್ಕಿಂತ ವಾಸಿ. ಕೈ ಸುಟ್ಟುಕೊಂಡಿದ್ದೆ, ಈಗ ಮಾಯ್ದಿದೆ.

ನೀನು ಬಿಸಿಲಲ್ಲಿ ದಿನವಿಡೀ ನಿಲ್ಲುತ್ತೀಯ ಎಂದರೆ ನನಗೆ ಇಷ್ಟವಿಲ್ಲ. ಆದರೆ ನಿಲ್ಲಬೇಡ ಎನ್ನುವುದಕ್ಕೆ ನಾನು ಅಲ್ಲಿಲ್ಲ. ಟೋಪಿ ಹಾಕಿಕೋ.

ಗೋಡೆ ಎಷ್ಟು ಎತ್ತರ ಕಟ್ಟುತ್ತಾರೆ?

ಕೆಳಗಿನ ತುದಿ ನಿನ್ನದು ಎಂದು ಬರೆದಿದ್ದೀಯ. ಜಲ್ಲಿ ಹೊರುವವನ ಹೆಸರು, ಅಡುಗೆಯವಳ ಹೆಸರು, ಎಲ್ಲ ಬರೆದಿದ್ದೀಯ. ಮೇಲಿನ ತುದಿಯಲ್ಲಿ ಯಾರು ನಿಲ್ಲುತ್ತಾರೆ?

ಆನ್ಸೆಲ್


ಮೋರ್ನ್ ಕನೆಲ್
21 ಏಪ್ರಿಲ್

ಆನ್ಸೆಲ್,

ಕೇಳುತ್ತೀಯ ಎಂದು ಗೊತ್ತಿತ್ತು. ಮೇಲಿನ ತುದಿಯಲ್ಲಿರುವುದು ನಿನ್ನ ಮಾರೆನ್.

ಜ್ಞಾನಸ್ನಾನದ ದಿನ ನಿನ್ನನ್ನು ಎತ್ತಿಕೊಂಡು ನಿಂತವಳನ್ನು ನಾನು ಬೇರೆ ಯಾವ ಹೆಸರಿನಿಂದ ಕರೆಯಲಿ? ಊರಿನವರಿಗೆ ಅವಳು ಆಂಥಿಯಾ ಲಬಾದಿ. ಈ ಮನೆಯಲ್ಲಿ ಅವಳು ಜ್ಞಾನತಾಯಿ ಮಾರೆನ್, ಅವಳ ಗಂಡ ಸಿರಿಲ್ ಜ್ಞಾನತಂದೆ ಪಾರೆನ್. ಅದು ಇನ್ನು ಬದಲಾಗುವುದಿಲ್ಲ. ಸಿರಿಲ್ ಹೋದ ಮೇಲೆ ಅವಳಿಗೂ ಸಂಬಳ ಬೇಕಲ್ಲ. ಕಣಿವೆಗೆ ಬಿದ್ದ ನಿನ್ನ ವ್ಯಾನಿನಿಂದ ಅವನನ್ನು ಹಗ್ಗ ಕಟ್ಟಿ ಮೇಲೆ ತಂದ ದಿನದಿಂದ ಅವಳು ನನ್ನ ಜೊತೆ ಮಾತಾಡಿಲ್ಲ. ನಾನೂ ಮಾತಾಡಿಸಿಲ್ಲ. ಚರ್ಚಿನಲ್ಲಿ ಅವಳು ಎಡಗಡೆ ಕೂತರೆ ನಾನು ಬಲಗಡೆ ಕೂರುತ್ತೇನೆ.

ನನ್ನನ್ನು ತೆಗೆದುಕೊಂಡಾಗ ಅವಳನ್ನೂ ತೆಗೆದುಕೊಂಡಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ. ಮೊದಲ ದಿನ ಹಲಗೆ ಕೊಡುವಾಗ ನೋಡಿದೆ. ಅವಳೂ ನನ್ನನ್ನು ನೋಡಿದಳು. ಇಬ್ಬರಲ್ಲಿ ಯಾರಾದರೂ ಒಬ್ಬರು ಹಲಗೆ ವಾಪಸು ಕೊಟ್ಟು ಹೋಗುತ್ತೇವೆ ಎಂದು ತೋಮಾ ಕಾಯುತ್ತಿದ್ದನಂತೆ. ಇಬ್ಬರೂ ಕೊಡಲಿಲ್ಲ.

ನನ್ನ ತುದಿಯಿಂದ ಅವಳ ತುದಿ ಕಾಣುವುದಿಲ್ಲ. ಮಧ್ಯೆ ಗುಡ್ಡದ ಮೂಗು ಇದೆ. ಅದಕ್ಕೆ ಪೆಲ್ಟಿಯೆ ಒಂದು ಕೋಲಿಗೆ ಕೆಂಪು ಬಣ್ಣ ಬಳಿದು ಕೊಟ್ಟಿದ್ದಾನೆ. ನನ್ನ ಕಡೆಯಿಂದ ಬಿಡುವ ಗಾಡಿಗಳಲ್ಲಿ ಕೊನೆಯವನ ಕೈಗೆ ಕೋಲು ಕೊಡಬೇಕು. ಅವನು ಅದನ್ನು ಅವಳ ಕೈಗೆ ಕೊಡುತ್ತಾನೆ. ಕೋಲು ಬಂದರೆ ದಾರಿ ಖಾಲಿ ಎಂದರ್ಥ. ಆಮೇಲೆ ಅವಳು ತನ್ನ ಕಡೆಯವರನ್ನು ಬಿಟ್ಟು, ಕೊನೆಯವನ ಕೈಯಲ್ಲಿ ಕೋಲು ನನಗೆ ಕಳಿಸುತ್ತಾಳೆ. ಬಾಯಿ ಬೇಕಿಲ್ಲದ ಕೆಲಸ. ನಮ್ಮಿಬ್ಬರಿಗೆ ಹೇಳಿ ಮಾಡಿಸಿದ ಹಾಗಿತ್ತು.

ಗಿಬ್ಸ್ ಸುಮ್ಮನಿರುತ್ತಾನೆಯೇ? "ಮಾ ಯುಡೋರಾ, ಕೋಲಿನ ಜೊತೆ ಏನಾದ್ರೂ ಹೇಳಿ ಕಳ್ಸೋದಿದ್ಯಾ?" ಎಂದ.

"ಕೋಲೇ ಸಾಕು."

"ಮೇಲಿನವ್ರೂ ಅದನ್ನೇ ಹೇಳಿದ್ರು. ನೀವಿಬ್ರೂ ಸಿಕ್ಕಾಪಟ್ಟೆ ಮಾತಾಡ್ತೀರಪ್ಪ" ಎಂದು ಹೋದ.

ಹೋದ ಮಂಗಳವಾರ ಒಂದು ತಮಾಷೆಯಾಯಿತು. ಬಾಡಿಗೆ ಜೀಪಿನಲ್ಲಿ ಬಿಳಿಯರಿಬ್ಬರು ಬಂದರು, ಗಂಡ ಹೆಂಡತಿ ಇರಬೇಕು. ಅವರೇ ಕೊನೆ, ಕೋಲು ಕೊಟ್ಟೆ. ಅದೇನೋ ಊರಿನ ಉಡುಗೊರೆ ಅಂದುಕೊಂಡರೋ ಏನೋ. ಆ ಹೆಂಗಸು ಕೋಲನ್ನು ಎದೆಗೆ ಒತ್ತಿಕೊಂಡು ನನಗೆ ಕೈ ಮುಗಿಯುವಷ್ಟು ಸಂತೋಷಪಟ್ಟಳು. ಆಮೇಲೆ ಕೋಲು ಬರಲೇ ಇಲ್ಲ. ನನ್ನ ಕಡೆ ಗಾಡಿಗಳ ಸಾಲು ಬೆಳೆಯಿತು. ಮೇಲಿನಿಂದಲೂ ಹಾರ್ನು ಕೇಳುತ್ತಿತ್ತು. ಕಾದು ಕಾದು ಸಾಕಾಗಿ ಹಲಗೆ ಹಿಡಿದುಕೊಂಡು ತಿರುವಿನೊಳಕ್ಕೆ ನಡೆದೆ. ಅತ್ತಲಿಂದ ಅವಳೂ ಹಲಗೆ ಹಿಡಿದುಕೊಂಡು ಬರುತ್ತಿದ್ದಳು.

"ಕೋಲೆಲ್ಲಿ?" ಎಂದಳು.

"ನಿನ್ ಕಡೆ ಬಂತಲ್ಲ."

"ಎಲ್ಲಿ ಬಂತು? ಜೀಪು ಬಂತು. ಟಾಟಾ ಮಾಡ್ಕೊಂಡು ಹೋಯ್ತು."

"ಅವ್ರ ಕೈಯಲ್ಲೇ ಇತ್ತು."

"ಗೊತ್ತಿಲ್ದೋರ ಕೈಗೆ ಯಾಕೆ ಕೊಟ್ಟೆ?"

"ಅವ್ರೇ ಕೊನೇವ್ರು. ಇನ್ಯಾರ ಕೈಗೆ ಕೊಡ್ಲಿ, ಬುಲ್ಡೋಜರ್ ಕೈಗಾ?"

ಅವಳ ಬಾಯಿಯ ಒಂದು ತುದಿ ಸ್ವಲ್ಪ ಅಲುಗಿತು. ನಗು ಎನ್ನಲಾರೆ. ಮತ್ತೆ ಗಟ್ಟಿಯಾಯಿತು. ನಾವು ನಿಂತಿದ್ದ ಜಾಗ ಯಾವುದು ಎಂದು ಇಬ್ಬರಿಗೂ ಗೊತ್ತಿತ್ತು. ಅವಳು ಕಣಿವೆಗೆ ಬೆನ್ನು ಮಾಡಿ ನಿಂತಿದ್ದಳು. "ಮೊದ್ಲು ನಿನ್ ಕಡೆಯವ್ರನ್ನ ಬಿಡು" ಎಂದು ಹೇಳಿ ತಿರುಗಿ ಹೋದಳು.

ಇಷ್ಟೇ. ನೀನು ಕೇಳಿದ್ದಕ್ಕೆ ಬರೆದೆ. ಗೋಡೆ ನನ್ನ ಸೊಂಟದಷ್ಟು ಎತ್ತರ ಬರುತ್ತದಂತೆ.

ಅಮ್ಮ


ರಾಜಧಾನಿಯ ಜೈಲು
12 ಮೇ

ಅಮ್ಮಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಜೀಪಿನ ಕಥೆಯನ್ನು ಒಲೆಯ ಹತ್ತಿರ ಎಲ್ಲರಿಗೂ ಹೇಳಿದೆ. ಮೇಲಿನ ತುದಿಯಲ್ಲಿ ಯಾರಿದ್ದರು ಎಂದು ಹೇಳಲಿಲ್ಲ.

ಮಾರೆನ್ ನನ್ನ ವಿಷಯ ಕೇಳಿದರೆ ಕೇಳಿದ್ದಕ್ಕೆ ಉತ್ತರ ಕೊಡು. ಕೇಳದಿದ್ದರೆ ನೀನಾಗಿ ಬಾಯಿ ಬಿಡಬೇಡ. ನಾನು ಅವರಿಗೆ ಎರಡು ಸಲ ಬರೆದಿದ್ದೆ, ಉತ್ತರ ಬಂದಿಲ್ಲ. ಬರಬೇಕು ಎಂದೂ ಹೇಳುತ್ತಿಲ್ಲ.

ಅವರಿಗೆ ಮೊಣಕಾಲು ನೋವಿತ್ತು. ನಿಲ್ಲುವುದಕ್ಕೆ ಆಗುತ್ತದೆಯೇ?

ಆನ್ಸೆಲ್


ಮೋರ್ನ್ ಕನೆಲ್
16 ಜೂನ್

ಆನ್ಸೆಲ್,

ಮೊಣಕಾಲಿಗೆ ಬೇ ಎಲೆಯ ಎಣ್ಣೆ ಹಚ್ಚುತ್ತಾಳೆ. ಹತ್ತಿರ ಹೋದರೆ ವಾಸನೆ ಬರುತ್ತದೆ. ಕೂರುವುದಕ್ಕೆ ಪೆಲ್ಟಿಯೆ ಒಂದು ಹಳೆಯ ಡಬ್ಬ ಹಾಕಿಕೊಟ್ಟಿದ್ದಾನೆ.

ಕೋಲು ಹೋಯಿತಲ್ಲ, ಅದರ ಬದಲು ಈಗ ರೇಡಿಯೋ ಕೊಟ್ಟಿದ್ದಾರೆ. ಗುಂಡಿ ಒತ್ತಿ ಮಾತಾಡಿದರೆ ಅತ್ತ ಕೇಳುತ್ತದೆ. ಮಾತಾಡದೆ ವಿಧಿಯಿಲ್ಲ. ಮೊದಮೊದಲು "ಕೆಂಪು ಲಾರಿ ಕೊನೆ" ಎನ್ನುತ್ತಿದ್ದೆ, ಅವಳು "ಸರಿ" ಎನ್ನುತ್ತಿದ್ದಳು. ದಿನಕ್ಕೆ ಇನ್ನೂರು ಸಲ ಕೆಂಪು ಲಾರಿ, ನೀಲಿ ಜೀಪು, ಪಾದ್ರಿಯ ಕಾರು ಅಂದುಕೊಂಡರೆ ಬಾಯಿ ತಾನೇ ಸಡಿಲವಾಗುತ್ತದೆ. ಮೊನ್ನೆ ಅವಳೇ, "ಪಾದ್ರಿ ಕಾರು ಕೊನೆ. ಹಿಂದಿನ್ ಸೀಟಲ್ಲಿ ಕೋಳಿ ಇದೆ" ಎಂದಳು. "ಯಾರ್ ಮನೇದು?" ಎಂದೆ. "ದೇವ್ರದ್ದು" ಎಂದಳು. ಆಮೇಲೆ ದಿನವಿಡೀ ಮತ್ತೆ "ಸರಿ, ಸರಿ" ಅಷ್ಟೇ.

ಈಗ ಮುಖ್ಯವಾದದ್ದನ್ನು ಕೇಳು. ಪೆಲ್ಟಿಯೆ ಹಳೆಯ ಡಾಂಬರು ಕೀಳುವ ಮೊದಲು ಮಟ್ಟ ನೋಡಿದ. ತಿರುವಿನಲ್ಲಿ ರಸ್ತೆ ಗುಡ್ಡದ ಕಡೆಗೆ ವಾಲಿರಬೇಕಂತೆ, ಗಾಡಿಯನ್ನು ಒಳಕ್ಕೆ ಹಿಡಿದುಕೊಳ್ಳುವುದಕ್ಕೆ. ಇದು ಕಣಿವೆಯ ಕಡೆಗೆ ವಾಲಿದೆ. ಹಾಕಿದವರು ಹಾಗೇ ಹಾಕಿ ಹೋಗಿದ್ದಾರೆ. "ಇಷ್ಟು ವರ್ಷ ಇಲ್ಲಿ ಇನ್ನೂ ಹೆಚ್ಚು ಜನ ಸಾಯ್ಲಿಲ್ವಲ್ಲ, ಅದೇ ಆಶ್ಚರ್ಯ" ಎಂದು ಅವನು ತೋಮಾನಿಗೆ ಹೇಳುತ್ತಿದ್ದ. ನಾನು ಹಿಂದೆಯೇ ನಿಂತಿದ್ದೆ.

ನಾನು ಹೇಳುತ್ತಲೇ ಬಂದಿದ್ದೆ. ರಸ್ತೆ ಮಾಡಿದ ಕೆಲಸಕ್ಕೆ ನನ್ನ ಮಗ ಒಳಗಿದ್ದಾನೆ ಎಂದು. ಯಾರೂ ಕೇಳಲಿಲ್ಲ.

ಶನಿವಾರ ರೋಸೋಗೆ ಹೋಗಿ ವಕೀಲರನ್ನು ಕಂಡೆ. ರಸ್ತೆಯ ವಿಷಯ ಹಾಕಿ ಅರ್ಜಿ ಕೊಟ್ಟರೆ ಶಿಕ್ಷೆ ಕಡಿಮೆಯಾಗಬಹುದು, ತಿಂಗಳೊಪ್ಪತ್ತಿನಲ್ಲಿ ಹೊರಗೆ ಬರಬಹುದು ಎಂದರು. ಪೆಲ್ಟಿಯೆ ತಾನು ಕಂಡದ್ದನ್ನು ಬರೆದುಕೊಡುತ್ತೇನೆ ಎಂದಿದ್ದಾನೆ. ಅರ್ಜಿ ಇದರ ಜೊತೆ ಇದೆ. ಕೆಳಗೆ ಗೆರೆ ಎಳೆದ ಕಡೆ ಸಹಿ ಹಾಕಿ ಕಳಿಸು. ತಡ ಮಾಡಬೇಡ.

ಅಮ್ಮ


ರಾಜಧಾನಿಯ ಜೈಲು
7 ಜುಲೈ

ಅಮ್ಮಾ,

ಅರ್ಜಿಯನ್ನು ವಾಪಸು ಕಳಿಸುತ್ತಿದ್ದೇನೆ. ಸಹಿ ಹಾಕಿಲ್ಲ. ಸಿಟ್ಟಾಗುತ್ತೀಯ ಎಂದು ಗೊತ್ತು, ಆದರೂ ಪೂರ್ತಿ ಓದು.

ರಸ್ತೆ ವಾಲಿರುವುದು ನನಗೂ ಗೊತ್ತಿತ್ತು. ಮಟ್ಟ ನೋಡಬೇಕಾಗಿಲ್ಲ, ಸ್ಟೀರಿಂಗ್ ಹಿಡಿದ ಕೈಗೆ ಗೊತ್ತಾಗುತ್ತದೆ. ಗಿಬ್ಸ್‌ಗೂ ಗೊತ್ತು, ಬಾಳೆಗೊನೆಯ ಲಾರಿಯವರಿಗೂ ಗೊತ್ತು. ಅದಕ್ಕೇ ಎಲ್ಲರೂ ಅಲ್ಲಿ ನಿಧಾನ ಮಾಡುತ್ತಿದ್ದರು. ನಾನೂ ಮಾಡುತ್ತಿದ್ದೆ. ಆ ದಿನ ಮಾಡಲಿಲ್ಲ. ಲಾರಿ ಮುಂದಿತ್ತು, ಅದನ್ನು ದಾಟಿ ಹೋದರೆ ಸೇತುವೆಯ ಹತ್ತಿರ ನಿಂತಿರುವ ಜನ ನನ್ನ ಗಾಡಿ ಹತ್ತುತ್ತಾರೆ ಎಂಬುದಷ್ಟೇ ತಲೆಯಲ್ಲಿತ್ತು. ಪಾರೆನ್ ನನ್ನ ಪಕ್ಕ ಕೂತಿದ್ದರು. "ಬಿಡು ಮಗಾ, ಲಾರಿ ಹೋಗ್ಲಿ. ನಮ್ಗೇನು ಹಡಗು ತಪ್ಪುತ್ತಾ?" ಎಂದರು. ನಾನು ನಕ್ಕು ಹಾರ್ನ್ ಹೊಡೆದೆ.

ಇದನ್ನೆಲ್ಲ ಕೋರ್ಟಿನಲ್ಲಿ ಹೇಳಿದ್ದೇನೆ. ನಾನು ಹೇಳಲು ಶುರು ಮಾಡಿದಾಗ ನೀನು ಎದ್ದು ಹೊರಗೆ ಹೋದೆ. ಮಾರೆನ್ ಹೋಗಲಿಲ್ಲ. ಮುಗಿಯುವವರೆಗೂ ಕೂತು ಕೇಳಿದರು. ಈಗ ರಸ್ತೆ ಕೊಂದಿತು ಎಂದು ಬರೆದುಕೊಟ್ಟರೆ, ಅವತ್ತು ಅವರು ಕೂತು ಕೇಳಿದ್ದು ಏನಾಗುತ್ತದೆ?

ರಸ್ತೆ ಸರಿ ಮಾಡುತ್ತಿದ್ದಾರಲ್ಲ, ಸಂತೋಷ. ಅದು ಬೇರೆ, ಇದು ಬೇರೆ.

ಇಲ್ಲಿ ನಾನು ಚೆನ್ನಾಗಿದ್ದೇನೆ. ಬ್ರೆಡ್ ಈಗ ಉಬ್ಬುತ್ತದೆ.

ಆನ್ಸೆಲ್


ಮೋರ್ನ್ ಕನೆಲ್
14 ಜುಲೈ

ಕಾಗದ ಬಂತು.

ನಿನಗೆ ಒಳ್ಳೆಯವನಾಗುವ ಆಸೆ. ಆಗು. ನನಗೆ ಮಗ ಮನೆಗೆ ಬರಬೇಕಿತ್ತು, ಅಷ್ಟೇ. ನಿನ್ನ ಅಪ್ಪನೂ ಹೀಗೇ, ತನ್ನ ಮರ್ಯಾದೆ ನೋಡಿಕೊಂಡು ನನ್ನ ಮುಖ ನೋಡಲಿಲ್ಲ.

ವಕೀಲರಿಗೆ ಏನು ಹೇಳಲಿ? ಪೆಲ್ಟಿಯೆಗೆ ಏನು ಹೇಳಲಿ? ಅರ್ಜಿ ನನ್ನ ಹತ್ತಿರ ಇಟ್ಟುಕೊಂಡಿದ್ದೇನೆ. ಬುದ್ಧಿ ಬಂದಾಗ ಹೇಳು.

ಯುಡೋರಾ


ರಾಜಧಾನಿಯ ಜೈಲು
25 ಆಗಸ್ಟ್

ಅಮ್ಮಾ,

ನೀನು ಬರೆದಿಲ್ಲ. ಗಿಬ್ಸ್ ಸಾಬೂನು ತಂದುಕೊಟ್ಟ, ಅದಕ್ಕೆ ಸಿಟ್ಟು ಪೂರ್ತಿಯಲ್ಲ ಅಂದುಕೊಂಡಿದ್ದೇನೆ. ಏನಾದರೂ ಹೇಳಿದರಾ ಎಂದು ಕೇಳಿದೆ. "ಸಾಬೂನೇ ಸಾಕು ಅಂದ್ರು" ಎಂದ.

ಗಾಳಿ ಮಳೆಯ ಕಾಲ ಶುರುವಾಯಿತು. ಕಡಿದ ಗುಡ್ಡದ ಕೆಳಗೆ ನಿಲ್ಲಬೇಡ. ದೂರ ನಿಲ್ಲು. ಮಾರೆನ್‌ಗೂ ಹೇಳು. ನಾನು ಹೇಳಿದೆ ಎನ್ನಬೇಡ.

ಆನ್ಸೆಲ್


ಮೋರ್ನ್ ಕನೆಲ್
22 ಸೆಪ್ಟೆಂಬರ್

ಆನ್ಸೆಲ್,

ಗುಡ್ಡ ಕುಸಿದ ಸುದ್ದಿಯನ್ನು ನೀನು ರೇಡಿಯೋದಲ್ಲಿ ಕೇಳಿರುತ್ತೀಯ. ನಾವೆಲ್ಲ ಸರಿಯಾಗಿದ್ದೇವೆ. ಮೊದಲು ಅದು ತಿಳಿದುಕೋ. ಏನಾಯಿತು ಎಂದು ಈಗ ಬರೆಯುತ್ತೇನೆ.

ವಾರವೆಲ್ಲ ಮಳೆ. ಗುರುವಾರ ಪೆಲ್ಟಿಯೆ ಯಂತ್ರಗಳನ್ನು ನಿಲ್ಲಿಸಿ, ಜನರನ್ನು ಮನೆಗೆ ಕಳಿಸಿ, ನಮ್ಮಿಬ್ಬರನ್ನು ಮಾತ್ರ ಉಳಿಸಿಕೊಂಡಿದ್ದ. ಗಾಡಿಗಳು ಓಡಾಡಬೇಕಲ್ಲ. ಮಧ್ಯಾಹ್ನದ ಮೇಲೆ ಗಿಬ್ಸ್ ರೋಸೋದಿಂದ ವಾಪಸು ಬಂದ. ಗಾಡಿ ತುಂಬ ಜನ, ಮಾರ್ಕೆಟ್ಟಿನ ಹೆಂಗಸರು, ಶಾಲೆ ಬಿಟ್ಟು ಬಂದ ಮಕ್ಕಳು, ಮೇಲೆ ಬುಟ್ಟಿ. ಹಲಗೆಯಲ್ಲಿ 'ಹೋಗು' ಮುಖ ತಿರುಗಿಸುವುದರಲ್ಲಿದ್ದೆ. ರೇಡಿಯೋದಲ್ಲಿ ಅವಳ ದನಿ ಬಂತು.

"ಯುಡೋರಾ, ತಡೆ. ಗುಡ್ಡದಿಂದ ಇಳಿಯೋ ನೀರು ಕೆಂಪಾಗಿದೆ. ಸಣ್ಣ ಕಲ್ಲು ಉರುಳ್ತಿದೆ."

ನನ್ನ ತುದಿಗೆ ಏನೂ ಕಾಣುತ್ತಿರಲಿಲ್ಲ. ರಸ್ತೆ ಖಾಲಿ, ಮಳೆ ಅಷ್ಟೇ. ಗಿಬ್ಸ್‌ಗೆ ನಿಲ್ಲು ಎಂದೆ.

"ಯಾಕೆ ಮಾ? ದಾರಿ ಖಾಲಿ ಇದೆ, ಕಾಣ್ತಿದೆಯಲ್ಲ."

"ಮೇಲಿಂದ ತಡೆ ಅಂದಿದ್ದಾಳೆ."

"ಮೇಲಿನವ್ರಿಗೆ ಎಲ್ಲದಕ್ಕೂ ಭಯ. ಮಕ್ಕಳು ನೆನೀತಿದ್ದಾವೆ. ಒಂದ್ ನಿಮಿಷದ ಕೆಲಸ, ದಾಟ್ಬಿಡ್ತೀನಿ."

ಹಿಂದಿನಿಂದ ಹೆಂಗಸರು, "ಬಿಡು ಯುಡೋರಾ, ಬಟ್ಟೆಯೆಲ್ಲ ಒದ್ದೆ!" ಎಂದು ಕೂಗಿದರು. ಅವತ್ತು ಅಡುಗೆ ಇಲ್ಲದ್ದಕ್ಕೆ ಮಾರ್ಕೆಟ್ಟಿಗೆ ಹೋಗಿದ್ದ ಅಗಸ್ಟಾ, "ಹಲಗೆ ಕೈಗೆ ಬಂದ್ಮೇಲೆ ಇವಳೇ ಮಂತ್ರಿ" ಎಂದಳು, ನನಗೆ ಕೇಳಲಿ ಎಂದೇ. ಗಿಬ್ಸ್ ಹಾರ್ನಿನ ಮೇಲೆ ಬೆರಳು ತಟ್ಟುತ್ತಿದ್ದ. ಗಾಡಿಯನ್ನು ಇಂಚಿಂಚೇ ಮುಂದಕ್ಕೆ ಬಿಡುತ್ತಿದ್ದ. ನಾನು ಹಲಗೆ ಕೆಳಗೆ ಹಾಕಿ ಬಂಪರಿನ ಮುಂದೆ ನಿಂತೆ.

"ನನ್ ಮೇಲೆ ಹತ್ತಿಸ್ಕೊಂಡು ಹೋಗು" ಎಂದೆ.

"ಹುಚ್ಚು ಹಿಡಿದಿದ್ಯಾ ಮಾ?"

"ಹಿಡಿದಿದೆ. ಹೋಗು, ಹತ್ತಿಸು."

ರೇಡಿಯೋದಲ್ಲಿ ಅವಳು ಕೂಗುತ್ತಿದ್ದಳು. "ಬಿಡ್ಬೇಡ ಯುಡೋರಾ. ಅವ್ನು ಬೈಲಿ, ಏನ್ ಬೇಕಾದ್ರೂ ಅನ್ಲಿ, ಬಿಡ್ಬೇಡ!"

ಆಗ ನಾನು ಗಿಬ್ಸ್‌ನ ಮುಖ ನೋಡಿದೆ. ಗಾಜಿನ ಹಿಂದೆ, ವೈಪರು ಆ ಕಡೆ ಈ ಕಡೆ ಹೋಗುತ್ತಿತ್ತು. ಅದು ಕೆಟ್ಟವನ ಮುಖವಲ್ಲ. ಆತುರದವನ ಮುಖ. ಮನೆಗೆ ಹೋಗಬೇಕು, ಇನ್ನೊಂದು ಸುತ್ತು ಹೊಡೆಯಬೇಕು, ಇಷ್ಟೇ ಅದರಲ್ಲಿ ಇದ್ದದ್ದು. ಆ ಮುಖವನ್ನು ನಾನು ಹಿಂದೆ ಎಷ್ಟೋ ಬೆಳಿಗ್ಗೆ ನನ್ನ ಮನೆಯ ಬಾಗಿಲಲ್ಲಿ ನೋಡಿದ್ದೇನೆ. ಕೋಕೋ ಚಹಾ ಅರ್ಧ ಕುಡಿದು ಲೋಟ ಕಿಟಕಿಯ ಮೇಲಿಟ್ಟು ಓಡುವ ಮುಖ.

ಗುಡ್ಡ ಬಿದ್ದಾಗ ನಾನು ಅಂದುಕೊಂಡಷ್ಟು ಸದ್ದಾಗಲಿಲ್ಲ. ಲಾರಿಯಿಂದ ಮರಳು ಸುರಿದ ಹಾಗೆ, ಬಹಳ ಹೊತ್ತು. ಕಾಲ ಕೆಳಗಿನ ನೆಲ ನಡುಗಿತು. ಕಡಿದು ಅಗಲ ಮಾಡಿದ್ದ ಜಾಗವೆಲ್ಲ ಮಣ್ಣು, ಒಂದು ಮಾವಿನ ಮರ ಬೇರು ಮೇಲಾಗಿ ಕೂತಿತ್ತು. ಗೋಡೆ ಅಷ್ಟೂ ಮಣ್ಣನ್ನು ತಡೆದು ನಿಂತಿತು, ಒಂದು ಕಡೆ ಮಾತ್ರ ಹೊಟ್ಟೆ ಬಿಟ್ಟಿದೆ. ವ್ಯಾನಿನಲ್ಲಿ ಒಂದು ಮಗು, "ಮುಗೀತಾ?" ಎಂದು ಕೇಳಿತು.

ರೇಡಿಯೋ ಕರಕರ ಎಂದಿತು. ಆಮೇಲೆ, "ಯುಡೋರಾ? ಯುಡೋರಾ?"

"ಇದ್ದೀನಿ."

"ಗಾಡಿ?"

"ಇಲ್ಲೇ ಇದೆ. ಒಂದೂ ಹೋಗಿಲ್ಲ."

ಅವಳು ಗುಂಡಿ ಬಿಡುವುದನ್ನು ಮರೆತಿದ್ದಳು ಕಾಣುತ್ತದೆ. ಮಳೆಯ ಸದ್ದು, ಅವಳು ಉಸಿರು ಎಳೆದುಕೊಳ್ಳುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ನಾನು ರೇಡಿಯೋವನ್ನು ಕಿವಿಗೆ ಹಿಡಿದುಕೊಂಡೇ ನಿಂತಿದ್ದೆ.

ಎರಡು ರಾತ್ರಿ ನಾವು ಕೆಳಗೆ ಸೇತುವೆಯ ಹತ್ತಿರದವರ ಮನೆಯಲ್ಲಿ ಮಲಗಿದೆವು. ಶನಿವಾರ ಮಣ್ಣಿನ ಮೇಲೆ ನಡೆಯುವಷ್ಟು ದಾರಿ ಮಾಡಿದರು. ನಾನು ಆ ಕಡೆಗೆ ಹೋದೆ. ಅವಳು ಡಬ್ಬದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಜಾಗ ಬಿಟ್ಟಳು, ಕೂತೆ. ಉಪ್ಪುಮೀನು, ಬೇಯಿಸಿದ ಕೆಸುವಿನ ಗೆಡ್ಡೆ ತಂದಿದ್ದೆ. ಇಬ್ಬರೂ ತಿಂದೆವು. ತಿಂದಾದ ಮೇಲೆ ಕೇಳಿದಳು.

"ಆ ಕಾಗದ ಏನಾಯ್ತು?"

ಅರ್ಜಿಯ ವಿಷಯ ಅವಳಿಗೂ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು.

"ಅವ್ನು ಸಹಿ ಹಾಕ್ಲಿಲ್ಲ" ಎಂದೆ.

"ಯಾಕಂತೆ?"

"ರಸ್ತೆ ಬೇರೆ, ಇದು ಬೇರೆ ಅಂತೆ."

ಅವಳು ಕೈ ಒರೆಸಿಕೊಂಡು ಎದ್ದಳು. ಮೇಲಿನಿಂದ ಜೀಪು ಬರುತ್ತಿತ್ತು, ಅದನ್ನು ನಿಲ್ಲಿಸಲು ಹೋದಳು.

ಅರ್ಜಿಯನ್ನು ಭಾನುವಾರ ಒಲೆಗೆ ಹಾಕಿದೆ. ನೀನು ಕೋರ್ಟಿನಲ್ಲಿ ಹೇಳುವಾಗ ನಾನು ಹೊರಗೆ ಹೋಗಬಾರದಿತ್ತು. ಬಂದಾಗ ಇನ್ನೊಂದು ಸಲ ಹೇಳು. ಕೂತು ಕೇಳುತ್ತೇನೆ.

ಅಮ್ಮ

ಗಿಬ್ಸ್ ನಿನ್ನೆ ಒಂದು ಚೀಲ ಗೆಣಸು ತಂದು ಬಾಗಿಲಲ್ಲಿ ಇಟ್ಟು ಹೋಗಿದ್ದಾನೆ. ಮುಖ ತೋರಿಸಲಿಲ್ಲ.


ರಾಜಧಾನಿಯ ಜೈಲು
20 ಅಕ್ಟೋಬರ್

ಅಮ್ಮಾ,

ನಿನ್ನ ಕಾಗದಕ್ಕೆ ಏನು ಬರೆಯಬೇಕೋ ತಿಳಿಯದೆ ಇಷ್ಟು ದಿನ ಬಿಟ್ಟೆ. ನೀನು ಬಂಪರಿನ ಮುಂದೆ ನಿಂತದ್ದು ಕಣ್ಣ ಮುಂದೆ ಬರುತ್ತದೆ.

ಡಿಸೆಂಬರಿನಲ್ಲಿ ಬಿಡುತ್ತಾರೆ. ಒಳ್ಳೆಯ ನಡತೆಗೆ ಕಡಿಮೆ ಮಾಡಿದ್ದು ಸೇರಿ ಹದಿಮೂರನೇ ತಾರೀಖು, ಶುಕ್ರವಾರ. ಇಲ್ಲಿನವರೆಲ್ಲ ಆ ತಾರೀಖಿಗೆ ನಗುತ್ತಾರೆ.

ಇಲ್ಲಿಗೆ ಹಿಟ್ಟು ತರುವವರೊಬ್ಬರು ಪೋರ್ಟ್ಸ್‌ಮತ್‌ನಲ್ಲಿ ಬೇಕರಿ ಇಟ್ಟಿದ್ದಾರೆ. ನನ್ನ ಬ್ರೆಡ್ ತಿಂದು, ಬಿಡುಗಡೆಯಾದ ಮೇಲೆ ಬಾ, ಕೆಲಸ ಕೊಡುತ್ತೇನೆ, ಹಿಂದುಗಡೆ ಒಂದು ಕೋಣೆಯೂ ಇದೆ ಎಂದರು. ಅದು ದ್ವೀಪದ ಆ ತುದಿ. ಅಲ್ಲಿ ನಾನು ಯಾರು ಎಂದು ಯಾರಿಗೂ ಗೊತ್ತಿಲ್ಲ.

ಊರಿಗೆ ಬಂದರೆ ಬೆಳಿಗ್ಗೆ ಎದ್ದು ನಲ್ಲಿಗೆ ಹೋಗಬೇಕು. ನಲ್ಲಿ ಮಾರೆನ್ ಮನೆಯ ಮುಂದೆ. ಅವರು ಬಾಗಿಲು ತೆಗೆಯುವ ಹೊತ್ತಿಗೆ ನಾನು ಬಕೆಟ್ ಹಿಡಿದು ನಿಂತಿರಬೇಕಾ? ಅವರಿಗೆ ಅದು ದಿನವೂ ಬೇಕಾ?

ನೀನೇ ಹೇಳು. ನೀನು ಹೇಳಿದ ಹಾಗೆ ಮಾಡುತ್ತೇನೆ.

ಆನ್ಸೆಲ್


ಮೋರ್ನ್ ಕನೆಲ್
10 ನವೆಂಬರ್

ಆನ್ಸೆಲ್,

ಸ್ವಾತಂತ್ರ್ಯದ ಹಬ್ಬದ ವಾರದಲ್ಲೇ ರಸ್ತೆ ತೆರೆದರು. ಮಂತ್ರಿ ಬಂದು ರಿಬ್ಬನ್ ಕತ್ತರಿಸಿದರು. ಶಾಲೆಯ ಮಕ್ಕಳು ಬಣ್ಣದ ಲಂಗ ಹಾಕಿ ಕುಣಿದರು. ಡಾಂಬರು ನುಣ್ಣಗೆ ಕರ್ರಗೆ ಹೊಳೆಯುತ್ತದೆ. ತಿರುವು ಈಗ ಗುಡ್ಡದ ಕಡೆಗೆ ವಾಲಿದೆ, ಎರಡು ಲಾರಿ ಪಕ್ಕಪಕ್ಕ ಹೋಗಬಹುದು. ಗೋಡೆಯನ್ನು ಸರಿ ಮಾಡಿದ್ದಾರೆ. ಗೋಡೆಯ ಮೇಲೆ ಸಿರಿಲ್ ಹೆಸರಿನ ಕಲ್ಲು ಹಾಕೋಣ ಎಂದು ಪೆಲ್ಟಿಯೆ ಅವಳನ್ನು ಕೇಳಿದ. "ಬೇಡ. ಅವನು ಆ ಜಾಗದವನಲ್ಲ, ಆ ಮನೆಯವನು" ಎಂದು ತನ್ನ ಮನೆಯ ಕಡೆ ತೋರಿಸಿದಳಂತೆ.

ರಸ್ತೆ ಚೆನ್ನಾಗಿದೆ ಎಂದು ಈಗ ಎಲ್ಲರೂ ಇನ್ನೂ ಜೋರಾಗಿ ಬಿಡುತ್ತಾರೆ. ಗಿಬ್ಸ್ ಮಾತ್ರ ಇಲ್ಲ. ಅವನ ಹಿಂದೆ ಕೂತವರು ಎತ್ತಿನ ಗಾಡಿ ಎಂದು ರೇಗಿಸುತ್ತಾರೆ.

ಹಲಗೆ, ರೇಡಿಯೋ ಎಲ್ಲ ವಾಪಸು ಕೊಟ್ಟೆವು. ಬೆಳಿಗ್ಗೆ ಎದ್ದರೆ ಕೈಗೆ ಕೆಲಸವಿಲ್ಲದ ಹಾಗೆ ಆಗುತ್ತದೆ. ನಾನು ಮತ್ತೆ ಮಾರ್ಕೆಟ್ಟಿಗೆ ಹೋಗುತ್ತಿದ್ದೇನೆ.

ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಡುವುದಿಲ್ಲ. ಬಾ ಎಂದರೆ ಅದು ತಾಯಿ ಹೇಳಿದ್ದು. ತಾಯಿ ಇನ್ನೇನು ಹೇಳುತ್ತಾಳೆ? ಬಾ ಎಂದು ಹೇಳಬೇಕಾದವಳು ನಾನಲ್ಲ. ಪೋರ್ಟ್ಸ್‌ಮತ್‌ಗೆ ಹೋದರೆ ನಾನು ಅಲ್ಲಿಗೆ ಬಂದು ನೋಡುತ್ತೇನೆ, ಬಸ್ಸಿದೆ.

ನಿನ್ನ ಮಾರೆನ್ ನಿನ್ನೆ ಬಂದು ಜೈಲಿಗೆ ಕಾಗದ ಹಾಕುವ ವಿಳಾಸ ಬರೆಸಿಕೊಂಡು ಹೋದಳು. ಯಾಕೆ ಎಂದು ನಾನು ಕೇಳಲಿಲ್ಲ.

ಅಮ್ಮ


ಮೋರ್ನ್ ಕನೆಲ್
24 ನವೆಂಬರ್

ಆನ್ಸೆಲ್ ತೂಸೇಂ,

ನೀನು ಬರೆದ ಎರಡು ಕಾಗದವೂ ನನ್ನ ಹತ್ತಿರ ಇವೆ. ಕ್ಷಮಿಸಿ ಎಂದು ಬರೆದಿದ್ದೀಯ. ಪ್ರತಿ ಭಾನುವಾರ ಪಾದ್ರಿಯೂ ಅದನ್ನೇ ಹೇಳುತ್ತಾರೆ. ಕೇಳಿಸಿಕೊಂಡು ಮನೆಗೆ ಬಂದು ಒಬ್ಬಳಿಗೆ ಆಗುವಷ್ಟು ಕಾಳು ಬೇಯಿಸುತ್ತೇನೆ. ಸಿರಿಲ್ ಇದ್ದಾಗಿನ ಅಳತೆ ಇನ್ನೂ ಕೈಯಿಂದ ಹೋಗಿಲ್ಲ, ದಿನವೂ ಹೆಚ್ಚಾಗುತ್ತದೆ. ಅದಕ್ಕೇ ನೀನು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಇದೆ ಎಂದು ಸುಳ್ಳು ಹೇಳಲಾರೆ.

ನೀನು ಪೋರ್ಟ್ಸ್‌ಮತ್‌ಗೆ ಹೋಗುತ್ತೀಯ ಎಂದು ಗಿಬ್ಸ್ ಹೇಳಿದ. ನಿನ್ನ ಅಮ್ಮ ಹೇಳಲಿಲ್ಲ. ನನಗೋಸ್ಕರ ದೂರ ಇರುತ್ತೇನೆ ಅಂದುಕೊಂಡಿದ್ದರೆ ಬೇಡ. ಕಣ್ಣಿಗೆ ಕಾಣದವನ ಮೇಲೆ ಸಿಟ್ಟು ಇಟ್ಟುಕೊಂಡು ಓಡಾಡುವುದು ಕಷ್ಟದ ಕೆಲಸ. ಎದುರಿಗೆ ಇದ್ದರೆ ಬೈಯಬಹುದು. ಬೈಯಬೇಕು ಅನ್ನಿಸಿದ ದಿನ ಬೈಯುತ್ತೇನೆ. ಬೇಡ ಅನ್ನಿಸಿದ ದಿನ ಬಕೆಟ್ ತುಂಬಿಸಿಕೊಂಡು ಹೋಗು.

ಇನ್ನೊಂದು. ನೀನು ಊರಿಗೆ ಬಂದಾಗ ಜನ ನಿನ್ನ ಮುಖ ನೋಡುವುದಿಲ್ಲ, ನನ್ನ ಮುಖ ನೋಡುತ್ತಾರೆ. ನಿನ್ನನ್ನು ಮಾತಾಡಿಸಬೇಕೋ ಬೇಡವೋ ಎಂದು ನನ್ನನ್ನು ನೋಡಿ ತೀರ್ಮಾನ ಮಾಡುತ್ತಾರೆ. ನೀನು ಒಬ್ಬನೇ ಬಂದರೆ ಅವರಿಗೆ ಕಷ್ಟ, ನಿನ್ನ ಅಮ್ಮನಿಗೆ ಇನ್ನೂ ಕಷ್ಟ. ಅವಳು ಈ ವರ್ಷ ಸಾಕಷ್ಟು ನಿಂತಿದ್ದಾಳೆ.

ಅದಕ್ಕೆ ಹದಿಮೂರನೇ ತಾರೀಖು ಅವಳ ಜೊತೆ ನಾನೂ ಬರುತ್ತೇನೆ. ಬೇಡ ಎಂದು ಬರೆಯಬೇಡ, ಬರುತ್ತೇನೆ.

ನಿನಗೆ ಗೊತ್ತಿಲ್ಲದ್ದು ಒಂದಿದೆ, ನಿನ್ನ ಅಮ್ಮನಿಗೂ ಗೊತ್ತಿಲ್ಲ. ಸಿರಿಲ್ ಹೋದ ಮೇಲೆ ನಾನು ಆ ತಿರುವನ್ನು ಗಾಡಿಯಲ್ಲಿ ಕೂತು ಒಂದು ಸಲವೂ ದಾಟಿಲ್ಲ. ರೋಸೋಗೆ ಹೋಗುವಾಗ ಸೇತುವೆಯವರೆಗೂ ನಡೆದು ಅಲ್ಲಿ ಬಸ್ಸು ಹತ್ತುತ್ತೇನೆ. ಬರುವಾಗ ಸೇತುವೆಯಲ್ಲೇ ಇಳಿದು ನಡೆಯುತ್ತೇನೆ. ಮೊಣಕಾಲಿಗೆ ನಡೆದರೆ ಒಳ್ಳೆಯದು ಎಂದು ಕೇಳಿದವರಿಗೆ ಹೇಳಿದ್ದೇನೆ. ಇಷ್ಟು ತಿಂಗಳು ಅಲ್ಲಿ ನಿಂತು ಊರಿನ ಎಲ್ಲರನ್ನೂ ದಾಟಿಸಿದೆ. ರಸ್ತೆ ಮುಗಿದ ಮೇಲೂ ನನ್ನಿಂದ ಆಗಲಿಲ್ಲ.

ಆ ದಿನ ವಾಪಸು ಬರುವಾಗ ನಾನು ಸೇತುವೆಯಲ್ಲಿ ಇಳಿಯುವುದಿಲ್ಲ. ಗಿಬ್ಸ್‌ಗೆ ಹೇಳಿದ್ದೇನೆ, ನಿಲ್ಲಿಸಬೇಡ ಎಂದು. ಕಣಿವೆಯ ಕಡೆಯ ಕಿಟಕಿ ನನಗೆ ಬೇಕು. ನೀನು ನನ್ನ ಪಕ್ಕ ಕೂರು. ತಿರುವು ಬಂದಾಗ ಏನೂ ಹೇಳಬೇಡ. ಕೈ ಹಿಡಿಯುವುದಕ್ಕೂ ಬರಬೇಡ. ಹಿಡಿಯಬೇಕಾದರೆ ನಾನೇ ಹಿಡಿಯುತ್ತೇನೆ.

ಆಂಥಿಯಾ ಲಬಾದಿ